ಈಜಿಪ್ಟಿನ ದುಂಬಿ ತಾಯಿತ: ಮ್ಯೂಸಿಯಂನಲ್ಲಿ ಒಂದು ಸ್ಕ್ಯಾರಬ್ ಓದುವುದು ಹೇಗೆ?

ದೊಡ್ಡ ಮ್ಯೂಸಿಯಂನ ಈಜಿಪ್ಟ್ ವಿಭಾಗಕ್ಕೆ ಹೋದರೆ ಜನ ಸೀದಾ ಮಮ್ಮಿಗಳ ಕಡೆ ನಡೆಯುತ್ತಾರೆ. ದಾರಿಯಲ್ಲಿ ಒಂದು ಗಾಜಿನ ಪೆಟ್ಟಿಗೆ ಇರುತ್ತದೆ. ಅದರೊಳಗೆ ಹಸಿರು, ನೀಲಿ, ಕಂದು ಬಣ್ಣದ ಪುಟ್ಟ ಹುಳುಗಳು ಸಾಲಾಗಿ ಕೂತಿರುತ್ತವೆ. ದುಂಬಿಯ ಆಕಾರದಲ್ಲಿ ಮಾಡಿದ ಈ ತಾಯಿತಗಳಿಗೇ ಸ್ಕ್ಯಾರಬ್ ಎಂದು ಹೆಸರು. ಹೆಚ್ಚಿನವು ಹುಣಸೆ ಬೀಜದಷ್ಟೇ. ಒಂದು ಸಲ ಕಣ್ಣು ಹಾಯಿಸಿ ನಾವೂ ಮುಂದೆ ಹೋಗಿಬಿಡುತ್ತೇವೆ.

ಅಲ್ಲೇ ನಿಲ್ಲಿ ಅನ್ನುವುದು ನನ್ನ ಕೋರಿಕೆ. ನೂರು ಸ್ಕ್ಯಾರಬ್ ನೋಡುವುದು ಬೇಡ, ಒಂದೇ ಒಂದನ್ನು ಅರ್ಧ ಗಂಟೆ ನೋಡಿ. ಬೆನ್ನು, ಪಕ್ಕ, ತೂತು, ಹೊಟ್ಟೆ, ಹೀಗೆ ಒಂದೊಂದಾಗಿ. ಅಷ್ಟು ಮಾಡಿದರೆ ಅದನ್ನು ಕೆತ್ತಿದವರು, ತೊಟ್ಟವರು, ಹೂತವರು ಎಲ್ಲರ ಸುಳಿವೂ ಸಿಗುತ್ತದೆ. ಅದಕ್ಕೆ ದಾರಿ ಕೆಳಗಿದೆ.

ಶುರು ಮಾಡುವ ಮುನ್ನ: ಈ ಹುಳು ಯಾವುದು?

ನಿಮಗೆ ಗೊತ್ತಿರುವ ಹುಳುವೇ. ಸಗಣಿಯನ್ನು ಗುಂಡಗೆ ಉಂಡೆ ಮಾಡಿ, ತಲೆ ಕೆಳಗೆ ಹಾಕಿ, ಹಿಂಗಾಲಿನಲ್ಲಿ ತಳ್ಳಿಕೊಂಡು ಹೋಗುವ ದುಂಬಿ. ಮಳೆ ಬಿದ್ದ ಮೇಲೆ ನಮ್ಮ ಹೊಲದ ಬದುವಿನಲ್ಲೂ ಇದರ ನೆಂಟರು ಇದೇ ಕೆಲಸ ಮಾಡುತ್ತಿರುತ್ತಾರೆ. ಈಜಿಪ್ಟಿನವರು ಕಂಡದ್ದು ಸ್ಕ್ಯಾರಬೇಯಸ್ ಸಾಕರ್ ಎಂಬ ಜಾತಿ.

ಅವರು ಈ ಉಂಡೆಯಲ್ಲಿ ಸೂರ್ಯನನ್ನು ಕಂಡರು. ದುಂಬಿ ಉಂಡೆಯನ್ನು ನೆಲದ ಮೇಲೆ ಉರುಳಿಸುವ ಹಾಗೆ, ಯಾವುದೋ ಶಕ್ತಿ ಸೂರ್ಯನನ್ನು ಆಕಾಶದಲ್ಲಿ ಉರುಳಿಸುತ್ತದೆ ಎಂದುಕೊಂಡರು. ಹೆಣ್ಣು ದುಂಬಿ ಮಣ್ಣಿನೊಳಗೆ ಸಗಣಿ ಉಂಡೆಯಲ್ಲಿ ಮೊಟ್ಟೆ ಇಡುತ್ತದೆ. ಮೇಲಿನಿಂದ ನೋಡಿದವರಿಗೆ ಅದು ಕಾಣುವುದಿಲ್ಲ. ಕಾಣುವುದು ಒಂದೇ: ನೆಲದಿಂದ ತಾನೇ ತಾನಾಗಿ ಎದ್ದು ಬರುವ ಹೊಸ ದುಂಬಿ. ಈ ಜಾತಿಯಲ್ಲಿ ಹೆಣ್ಣೇ ಇಲ್ಲ, ಎಲ್ಲವೂ ಗಂಡು ಎಂಬ ನಂಬಿಕೆಯನ್ನು ಗ್ರೀಕ್ ಲೇಖಕ ಪ್ಲುಟಾರ್ಕ್ ಕೂಡ ಬರೆದಿಟ್ಟಿದ್ದಾನೆ.

ಈಜಿಪ್ಟಿನ ಭಾಷೆಯಲ್ಲಿ 'ಖೆಪರ್' ಅಂದರೆ ಆಗುವುದು, ಹುಟ್ಟಿಬರುವುದು. ಅದನ್ನು ಬರೆಯಲು ಬಳಸುವ ಚಿತ್ರಾಕ್ಷರ ಇದೇ ದುಂಬಿ. ಬೆಳಗಿನ ಸೂರ್ಯನ ಹೆಸರು ಖೆಪ್ರಿ. ಈ ಒಂದು ಪದ ನೆನಪಿರಲಿ. ಮುಂದೆ ಓದುವಾಗ ಇದೇ ಕೀಲಿಕೈ.

ಹೆಜ್ಜೆ 1: ಒಂದನ್ನು ಆರಿಸಿಕೊಳ್ಳಿ

ಲಂಡನ್ನಿನಲ್ಲಿರುವ ಕನ್ನಡಿಗರ ಅದೃಷ್ಟ ದೊಡ್ಡದು. ಬ್ರಿಟಿಷ್ ಮ್ಯೂಸಿಯಂ ಮತ್ತು ಯೂನಿವರ್ಸಿಟಿ ಕಾಲೇಜಿನ ಪೆಟ್ರಿ ಮ್ಯೂಸಿಯಂ ಎರಡೂ ನಡೆದು ಹೋಗುವಷ್ಟು ಹತ್ತಿರ. ಎರಡಕ್ಕೂ ಟಿಕೆಟ್ ಇಲ್ಲ. ನ್ಯೂಯಾರ್ಕ್ ಕಡೆ ಇದ್ದರೆ ಮೆಟ್ರೊಪಾಲಿಟನ್ ಮ್ಯೂಸಿಯಂ ಇದೆ. ಪ್ಯಾರಿಸ್, ಟುರಿನ್, ಕೈರೋಗಳಲ್ಲೂ ಸ್ಕ್ಯಾರಬ್‌ಗಳು ರಾಶಿ ರಾಶಿ ಇವೆ.

ಊರಲ್ಲೇ ಕೂತು ನೋಡುವವರಿಗೆ ಮ್ಯೂಸಿಯಂಗಳ ವೆಬ್‌ಸೈಟ್ ಸಾಕು. ನಿಜ ಹೇಳಬೇಕೆಂದರೆ ಕೆಲವು ಸಲ ಅದೇ ಒಳ್ಳೆಯದು. ಗಾಜಿನ ಪೆಟ್ಟಿಗೆಯಲ್ಲಿ ಸ್ಕ್ಯಾರಬ್‌ನ ಬೆನ್ನು ಕಂಡರೆ ಹೊಟ್ಟೆ ಕಾಣುವುದಿಲ್ಲ, ಹೊಟ್ಟೆ ಕಂಡರೆ ಬೆನ್ನು ಕಾಣುವುದಿಲ್ಲ. ವೆಬ್‌ಸೈಟಿನಲ್ಲಿ ಹೆಚ್ಚಿನ ಸಲ ಎರಡೂ ಇರುತ್ತವೆ. ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಿಂದ ತನ್ನ ಲಕ್ಷಾಂತರ ಚಿತ್ರಗಳನ್ನು ಯಾರು ಬೇಕಾದರೂ ಪುಕ್ಕಟೆ ಬಳಸಲಿ ಎಂದು ಬಿಟ್ಟಿದೆ. ಹುಡುಕುವ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಸ್ಕ್ಯಾರಬ್' ಎಂದು ಹಾಕಿ, ಚಿತ್ರ ಇರುವವನ್ನು ಮಾತ್ರ ತೋರಿಸು ಎಂಬ ಆಯ್ಕೆ ಒತ್ತಿ.

ಮೊದಲ ಸಲಕ್ಕೆ ಚಿನ್ನದ್ದು, ರೆಕ್ಕೆ ಇರುವುದು ಬೇಡ. ಹೊಟ್ಟೆಯ ಕೆತ್ತನೆ ಸ್ಪಷ್ಟವಾಗಿರುವ ಸಾದಾ ಒಂದನ್ನು ಹಿಡಿದುಕೊಳ್ಳಿ.

ಹೆಜ್ಜೆ 2: ಅಳತೆ ನೋಡಿ, ಜಾತಿ ಗುರುತಿಸಿ

ಫೋಟೋ ನಂಬಬೇಡಿ. ಪರದೆಯ ಮೇಲೆ ಎಲ್ಲವೂ ಅಂಗೈ ಅಗಲ ಕಾಣುತ್ತವೆ. ವಿವರದಲ್ಲಿ ಕೊಟ್ಟ ಅಳತೆಯನ್ನು ಓದಿ, ಸ್ಕೇಲ್ ಇಟ್ಟು ಒಂದು ಕಾಗದದ ಮೇಲೆ ಅಷ್ಟೇ ಉದ್ದದ ಮೊಟ್ಟೆಯಾಕಾರ ಬರೆಯಿರಿ. ಒಂದೂವರೆ ಸೆಂಟಿಮೀಟರ್ ಅಂದರೆ ಎಷ್ಟು ಚಿಕ್ಕದು ಎಂದು ಆಗ ಅರಿವಾಗುತ್ತದೆ. ಅಷ್ಟು ಜಾಗದಲ್ಲಿ ಒಬ್ಬ ಕೆಲಸಗಾರ ರಾಜನ ಹೆಸರು, ಎರಡು ನಾಗರಹಾವು, ಸುತ್ತಲೂ ಒಂದು ಗೆರೆ ಎಲ್ಲ ಕೆತ್ತಿದ್ದಾನೆ. ನನಗಂತೂ ಈ ಕಾಗದದ ಮೊಟ್ಟೆ ಬರೆಯದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ.

ಅಳತೆಯಿಂದಲೇ ಅರ್ಧ ವಿಷಯ ತಿಳಿಯುತ್ತದೆ. ಒಂದೆರಡು ಸೆಂಟಿಮೀಟರ್ ಇದ್ದರೆ ಅದು ಸಾಮಾನ್ಯವಾಗಿ ತಾಯಿತ ಅಥವಾ ಮುದ್ರೆ. ಎಷ್ಟೋ ಸಲ ಎರಡೂ. ನಾಲ್ಕರಿಂದ ಏಳೆಂಟು ಸೆಂಟಿಮೀಟರಿನ ಹಸಿರು ಅಥವಾ ಕಪ್ಪು ಕಲ್ಲು, ಹೊಟ್ಟೆಯ ತುಂಬ ಸಾಲು ಸಾಲು ಬರಹ ಇದ್ದರೆ ಹೃದಯದ ಸ್ಕ್ಯಾರಬ್ ಇರಬಹುದು, ಅಂದರೆ ಸತ್ತವರ ಹೃದಯವನ್ನು ಬೇಡಿಕೊಳ್ಳುವ ಮಂತ್ರ ಕೆತ್ತಿ ಅವರ ಜೊತೆ ಇಡುತ್ತಿದ್ದದ್ದು. ಪಕ್ಕದಲ್ಲಿ ಬಿಡಿ ರೆಕ್ಕೆಗಳಿದ್ದು ಅಂಚಿನಲ್ಲಿ ಸಣ್ಣ ತೂತುಗಳಿದ್ದರೆ ಅದು ಮಮ್ಮಿಯ ಎದೆಯ ಮೇಲಿನ ಮಣಿಬಲೆಗೆ ಹೊಲಿದದ್ದು. ಇದು ತಡವಾದ ಕಾಲದ ರೂಢಿ.

ಇನ್ನೊಂದು ಜಾತಿ ಬಲು ಸ್ವಾರಸ್ಯದ್ದು. ಕ್ರಿ.ಪೂ. 14ನೇ ಶತಮಾನದ ಮೂರನೇ ಅಮೆನ್‌ಹೊಟೆಪ್ ದೊಡ್ಡ ಸ್ಕ್ಯಾರಬ್‌ಗಳ ಮೇಲೆ ಸುದ್ದಿ ಕೆತ್ತಿಸಿ ಹಂಚಿದ. ಇವು 200ಕ್ಕೂ ಜಾಸ್ತಿ ಉಳಿದಿವೆ. ರಾಣಿ ತಿಯೆಯ ಹೆಸರು ಸಾರುವುದು ಒಂದು ಬಗೆ, ಅದರಲ್ಲಿ ಅವಳ ಅಪ್ಪ ಯುಯ, ಅಮ್ಮ ತುಯ ಇಬ್ಬರ ಹೆಸರೂ ಇದೆ. ಇನ್ನೊಂದರಲ್ಲಿ ಆಳ್ವಿಕೆಯ ಮೊದಲ ಹತ್ತು ವರ್ಷಗಳಲ್ಲಿ ತಾನೇ ಬಾಣ ಬಿಟ್ಟು 102 ಸಿಂಹ ಹೊಡೆದೆ ಎಂದು ರಾಜ ಹೇಳಿಕೊಂಡಿದ್ದಾನೆ. ಹೆಚ್ಚು ಸಿಗುವುದು ಈ ಸಿಂಹದ್ದೇ. ಮಿತನ್ನಿ ದೇಶದ ರಾಜಕುಮಾರಿ ಗಿಲುಖೆಪ 317 ಹೆಂಗಸರ ಪರಿವಾರದೊಂದಿಗೆ ಬಂದದ್ದು ಮತ್ತೊಂದು. 11ನೇ ವರ್ಷದಲ್ಲಿ ತಿಯೆಗಾಗಿ 3,700 ಮೊಳ ಉದ್ದದ ಕೆರೆ ತೋಡಿಸಿದ್ದು ಇನ್ನೊಂದು. ಈಜಿಪ್ಟಿನ ರಾಜಮೊಳ ಸುಮಾರು 52 ಸೆಂಟಿಮೀಟರ್. ಲೆಕ್ಕ ಹಾಕಿದರೆ ಕೆರೆ ಎರಡು ಕಿಲೋಮೀಟರಿಗೆ ತುಸು ಕಮ್ಮಿ!

ಹೆಜ್ಜೆ 3: ಬೆನ್ನು

ಈಗ ನಿಜವಾದ ದುಂಬಿಯ ಚಿತ್ರವೊಂದನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಮುಂದೆ ಹಲ್ಲು ಹಲ್ಲಾದ ಅಂಚಿನ ಮೂತಿ. ಸಗಣಿ ಕೆರೆಯಲು ಅದೇ ಅದರ ಸಲಿಕೆ. ಆಮೇಲೆ ಹೆಗಲಿನ ತಟ್ಟೆ. ಹಿಂದೆ ಎರಡು ರೆಕ್ಕೆ ಮುಚ್ಚಳ, ನಡುವೆ ಸೀಳಿದ ಗೆರೆ.

ನಿಮ್ಮ ಸ್ಕ್ಯಾರಬ್‌ನಲ್ಲಿ ಇವುಗಳಲ್ಲಿ ಯಾವುವು ಇವೆ, ಯಾವುವು ಇಲ್ಲ ಎಂದು ನೋಡಿ. ಕೆಲವರು ಮೂತಿಯ ಹಲ್ಲುಗಳನ್ನೂ ಎಣಿಸುವಂತೆ ಕೆತ್ತಿದ್ದಾರೆ. ಕೆಲವರು ಎರಡು ಗೆರೆ ಎಳೆದು ಕೈಬಿಟ್ಟಿದ್ದಾರೆ. ರೆಕ್ಕೆ ಮುಚ್ಚಳದ ಮೇಲ್ತುದಿಯಲ್ಲಿ, ಹೆಗಲ ಹತ್ತಿರ, ಇಂಗ್ಲಿಷ್ 'ವಿ' ಆಕಾರದ ಪುಟ್ಟ ಕಚ್ಚು ಇದೆಯಾ? ಮೂರನೇ ಅಮೆನ್‌ಹೊಟೆಪ್‌ನ ಮನೆತನವಾದ 18ನೇ ರಾಜವಂಶದಿಂದ ಈಚೆಗೆ ಈ ಗುರುತು ಜಾಸ್ತಿ. ಕಾಲ ಗುರುತಿಸುವವರು ತಲೆ, ಬೆನ್ನು, ಕಾಲು ಮೂರರ ಆಕಾರವನ್ನೂ ಸೇರಿಸಿ ನೋಡುತ್ತಾರೆ. ಒಂದರಿಂದಲೇ ತೀರ್ಮಾನ ಮಾಡುವುದಿಲ್ಲ.

ಹೆಜ್ಜೆ 4: ಪಕ್ಕ ಮತ್ತು ತೂತು

ಪಕ್ಕದಿಂದ ನೋಡಿದರೆ ಕಾಲುಗಳು ಕಾಣುತ್ತವೆ. ಕೆಲವದರಲ್ಲಿ ಕಾಲು ಮತ್ತು ತಳದ ನಡುವೆ ಸಂದು ಬಿಟ್ಟು ಕೊರೆದಿರುತ್ತಾರೆ, ಕೆಲವದರಲ್ಲಿ ಸುಮ್ನೆ ಒಂದು ಗೀರು.

ತೂತು ತಲೆಯಿಂದ ಬಾಲದವರೆಗೆ ಉದ್ದಕ್ಕೆ ಹೋಗುತ್ತದೆ. ಬಿಲ್ಲಿನ ದಾರ ಸುತ್ತಿ ತಿರುಗಿಸುವ ಬೈರಿಗೆಯಿಂದ ಕೊರೆದದ್ದು. ಆ ತೂತಿನಲ್ಲಿ ದಾರ ಪೋಣಿಸಿ ಕೊರಳಿಗೆ ಹಾಕುತ್ತಿದ್ದರು. ಇಲ್ಲವೇ ಚಿನ್ನದ ತಂತಿ ತೂರಿಸಿ ಉಂಗುರ ಮಾಡುತ್ತಿದ್ದರು. ಇಂಥ ಉಂಗುರದಲ್ಲಿ ದುಂಬಿ ಗಿರ್ರನೆ ತಿರುಗುತ್ತದೆ. ತೊಟ್ಟಾಗ ಬೆನ್ನು ಮೇಲೆ. ಮುದ್ರೆ ಒತ್ತಬೇಕಾದಾಗ ಹೊಟ್ಟೆ ಮೇಲೆ. ಕಾಗದಪತ್ರಕ್ಕೆ, ಜಾಡಿಯ ಬಾಯಿಗೆ, ಪೆಟ್ಟಿಗೆಗೆ, ಬಾಗಿಲ ಹಗ್ಗದ ಗಂಟಿಗೆ ಹಸಿ ಮಣ್ಣು ಮೆತ್ತಿ ಇದನ್ನು ಒತ್ತುತ್ತಿದ್ದರು. ಈಜಿಪ್ಟಿನ ದಕ್ಷಿಣಕ್ಕಿದ್ದ ನೂಬಿಯಾದ ಉರೊನಾರ್ತಿ ಕೋಟೆಯಲ್ಲಿ ಇಂಥ ಮಣ್ಣಿನ ಮುದ್ರೆಗಳು ಸಾವಿರಾರು ಸಿಕ್ಕಿವೆ. ತಾಯಿತ ಎಂದು ನಾವು ಕರೆಯುವ ವಸ್ತು ಕಚೇರಿಯ ಸೀಲ್ ಕೂಡ ಆಗಿತ್ತು ಎಂಬುದು ತೂತನ್ನು ನೋಡಿದಾಗಲೇ ಮನಸ್ಸಿಗೆ ಹತ್ತುವುದು.

ಹೆಜ್ಜೆ 5: ಯಾವ ಕಲ್ಲು?

ವಿವರದಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವ ಪದ ಸ್ಟಿಯಟೈಟ್. ಅಂದರೆ ನಮ್ಮ ಬಳಪದ ಕಲ್ಲು. ಬೇಲೂರು, ಹಳೇಬೀಡಿನ ಶಿಲ್ಪಗಳ ಕಲ್ಲೂ ಇದೇ ಬಳಗದ್ದು. ಅಷ್ಟು ಸಣ್ಣ ಕುಸುರಿ ಹೇಗೆ ಸಾಧ್ಯವಾಯಿತು ಎಂದು ಕನ್ನಡದವರಿಗೆ ಬೇರೆ ಹೇಳಬೇಕಿಲ್ಲ, ಅಲ್ವಾ? ಉಗುರಿನಿಂದ ಗೀರಬಹುದಾದಷ್ಟು ಮೆತ್ತಗಿನ ಕಲ್ಲು.

ಆದರೆ ಈಜಿಪ್ಟಿನವರು ಅಲ್ಲಿಗೇ ಬಿಡಲಿಲ್ಲ. ಕೆತ್ತಿದ ಮೇಲೆ ಮೆರುಗು ಹಚ್ಚಿ ಬೆಂಕಿಯಲ್ಲಿ ಸುಟ್ಟರು. ಚೆನ್ನಾಗಿ ಕಾದಾಗ ಈ ಕಲ್ಲಿನೊಳಗಿನ ನೀರಿನಂಶ ಹೋಗಿ, ಅದು ಬೇರೆಯೇ ಖನಿಜವಾಗಿ ಗಟ್ಟಿಯಾಗುತ್ತದೆ. ಮೆತ್ತಗಿರುವಾಗ ಕೆತ್ತು, ಆಮೇಲೆ ಗಟ್ಟಿ ಮಾಡು. ಎಂಥ ಜಾಣತನ! ಮೆರುಗಿಗೆ ಹಸಿರು, ನೀಲಿ ಬಣ್ಣ ಕೊಟ್ಟದ್ದು ತಾಮ್ರ. ಇವತ್ತು ಬಹಳಷ್ಟು ಸ್ಕ್ಯಾರಬ್‌ಗಳು ಬಿಳಿ ಅಥವಾ ಕಂದು ಕಾಣುವುದು ಮೆರುಗು ಉದುರಿಹೋದ ಕಾರಣಕ್ಕೆ. ಗೆರೆಗಳ ಆಳದಲ್ಲಿ ದಿಟ್ಟಿಸಿ ನೋಡಿ. ಹಸಿರಿನ ಒಂದು ಚುಕ್ಕೆ ಅಲ್ಲಿ ಅಡಗಿರಬಹುದು.

ಫೈಯನ್ಸ್ ಎಂದಿದ್ದರೆ ಅದು ಕಲ್ಲಲ್ಲ. ಬೆಣಚುಕಲ್ಲಿನ ಪುಡಿಯನ್ನು ಕ್ಷಾರ ಮತ್ತು ತಾಮ್ರದೊಂದಿಗೆ ಕಲಸಿ, ಅಚ್ಚಿಗೆ ಒತ್ತಿ ಸುಟ್ಟದ್ದು. ಕೆಂಪು ಅಕೀಕು, ನೇರಳೆ ಅಮೆಥಿಸ್ಟ್, ಹಸಿರು ಜಾಸ್ಪರ್ ಇವೂ ಇವೆ. ಲಾಪಿಸ್ ಲಜುಲಿಯ ನೀಲಿ ಕಲ್ಲು ಬಂದದ್ದು ಈಗಿನ ಅಫ್ಘಾನಿಸ್ತಾನದ ಬದಖ್ಶಾನ್‌ನಿಂದ. ರಾಜ ತೂತಾನ್‌ಖಾಮುನ್‌ನ ಒಂದು ಎದೆಪದಕದ ನಡುವೆ ಹಳದಿ ಹಸಿರಿನ ಸ್ಕ್ಯಾರಬ್ ಇದೆ. ಗೋರಿ ತೆರೆದ ಹೊವಾರ್ಡ್ ಕಾರ್ಟರ್ ಅದನ್ನು ಒಂದು ಬಗೆಯ ಬೆಣಚುಕಲ್ಲು ಎಂದುಕೊಂಡಿದ್ದ. 1990ರ ದಶಕದ ಕೊನೆಯಲ್ಲಿ ಪರೀಕ್ಷೆ ಮಾಡಿದಾಗ ಗೊತ್ತಾಯಿತು, ಅದು ಪಶ್ಚಿಮದ ಮರುಭೂಮಿಯಲ್ಲಿ ಸಿಗುವ ಸಹಜ ಗಾಜು!

ಹೆಜ್ಜೆ 6: ಹೊಟ್ಟೆ ಓದಿ

ಇಲ್ಲಿ ಅವಸರ ಬೇಡ. ತಳದಲ್ಲಿ ಏನಿದೆ ಎಂದು ಮೊದಲು ಚಿತ್ರ ಬರೆದುಕೊಳ್ಳಿ. ಕೈಯಲ್ಲಿ ಬರೆಯದೆ ಕಣ್ಣಿಗೆ ಕಾಣುವುದಿಲ್ಲ, ಇದು ಅನುಭವದ ಮಾತು. ಸುರುಳಿಗಳಷ್ಟೇ ಇರಬಹುದು. ಮೀನು, ಮೊಸಳೆ, ಸಿಂಹ ಇರಬಹುದು. ದೇವರಿಗೆ ಸಲ್ಲಿಸಿದ ಮಾತಿರಬಹುದು, ಹೊಸ ವರ್ಷದ ಶುಭಾಶಯ ಕೂಡ ಇರಬಹುದು. ಉದ್ದ ಮೊಟ್ಟೆಯಂತಹ ಚೌಕಟ್ಟು, ಅದರ ಒಂದು ತುದಿಗೆ ಅಡ್ಡಗೆರೆ ಕಂಡರೆ ಒಳಗಿರುವುದು ರಾಜನ ಹೆಸರು. ಆದರೆ ಎಷ್ಟೋ ಸ್ಕ್ಯಾರಬ್‌ಗಳಲ್ಲಿ ಚೌಕಟ್ಟೇ ಇರುವುದಿಲ್ಲ, ತಳದ ಮೊಟ್ಟೆಯಾಕಾರವೇ ಆ ಕೆಲಸ ಮಾಡುತ್ತದೆ.

ಒಂದು ಹೆಸರು ಓದೋಣ. ನೀವು ಯಾವ ಮ್ಯೂಸಿಯಂಗೆ ಹೋದರೂ ಸಿಗುವ ಹೆಸರು ಇದು. ಮೂರೇ ಗುರುತು.

ಮೇಲೆ ಒಂದು ದುಂಡು. ಅದು ಸೂರ್ಯ, 'ರಾ'.
ನಡುವೆ ಮೇಲಂಚಿಗೆ ಹಲ್ಲುಗಳಿರುವ ಉದ್ದನೆಯ ಪಟ್ಟಿ. ಬಾಚಣಿಗೆ ಮಲಗಿಸಿದ ಹಾಗೆ ಕಾಣುತ್ತದೆ. ಅದು ಕಾಯಿಗಳನ್ನು ಇಟ್ಟ ಆಟದ ಮಣೆ, 'ಮೆನ್'. ಸ್ಥಿರ ಎಂದು ಅರ್ಥ.
ಕೆಳಗೆ ದುಂಬಿ. 'ಖೆಪರ್'.

ಮೇಲಿನಿಂದ ಓದಿದರೆ ರಾ-ಮೆನ್-ಖೆಪರ್ ಆಗಬೇಕು. ಆದರೆ ಓದುವುದು ಮೆನ್-ಖೆಪರ್-ರಾ. ದೇವರ ಹೆಸರನ್ನು ಗೌರವಕ್ಕಾಗಿ ಮೊದಲು ಬರೆಯುತ್ತಾರೆ, ಓದುವಾಗ ಅದು ಬರಬೇಕಾದ ಜಾಗಕ್ಕೆ ಬರುತ್ತದೆ. ಇದು ನಮಗೆ ವಿಚಿತ್ರ ಅನ್ನಿಸಬೇಕಿಲ್ಲ. 'ಸೂರ್ಯ' ಎಂದು ಬರೆದು ನೋಡಿ. ರಕಾರ ಬಾಯಲ್ಲಿ ಯಕಾರಕ್ಕಿಂತ ಮುಂಚೆ ಬರುತ್ತದೆ, ಕೈಯಲ್ಲಿ ಅರ್ಕಾವತ್ತಾಗಿ ಯಕಾರದ ಆಚೆಗೆ ಹೋಗುತ್ತದೆ. ಕಾರಣ ಬೇರೆ, ಆದರೆ ಬರೆಯುವ ಸಾಲೇ ಬೇರೆ, ಓದುವ ಸಾಲೇ ಬೇರೆ ಎಂಬುದು ಕನ್ನಡ ಕಲಿತ ಮಗುವಿಗೂ ಅಭ್ಯಾಸ.

ಮೆನ್‌ಖೆಪರ್‌ರಾ ಅಂದರೆ 'ರಾನ ರೂಪ ಸ್ಥಿರವಾದದ್ದು' ಎಂಬಂಥ ಅರ್ಥ. ಇದು ಮೂರನೇ ತುತ್‌ಮೋಸ್‌ನ ಪಟ್ಟದ ಹೆಸರು. ದುಂಬಿಯ ಹೊಟ್ಟೆಯ ಮೇಲೆ ಇನ್ನೊಂದು ದುಂಬಿ! ಈಗ ಮೆನ್ ತೆಗೆಯಿರಿ. ದುಂಬಿಯ ಕೆಳಗೆ ಮೂರು ಗೀಟು, ಅದರ ಕೆಳಗೆ ಅರ್ಧಚಂದ್ರದಂಥ ಬುಟ್ಟಿ ಇಡಿ. ನೆಬ್-ಖೆಪೆರು-ರಾ ಆಯಿತು. ಅದು ತೂತಾನ್‌ಖಾಮುನ್. ಬುಟ್ಟಿಯ ಓದು 'ನೆಬ್', ಅಂದರೆ ಒಡೆಯ. ಮೂರು ಗೀಟು ಬಹುವಚನ. ಎರಡು ರಾಜರ ಹೆಸರು ಓದಲು ನಿಮಗೆ ಬೇಕಾದದ್ದು ಐದೇ ಗುರುತು.

ಪ್ರಾಣಿ, ಪಕ್ಷಿ, ಮನುಷ್ಯರ ಗುರುತಿದ್ದರೆ ಅವುಗಳ ಮುಖ ಯಾವ ಕಡೆ ಇದೆ ನೋಡಿ. ಆ ಮುಖದ ಕಡೆಯಿಂದಲೇ ಓದು ಶುರು.

ಹೆಜ್ಜೆ 7: ರಾಜನ ಹೆಸರನ್ನು ತಾರೀಖು ಎಂದುಕೊಳ್ಳಬೇಡಿ

ಹೊಸಬರು ಎಡವುವುದು ಇಲ್ಲೇ. ಮೂರನೇ ತುತ್‌ಮೋಸ್ ತೀರಿಕೊಂಡದ್ದು ಕ್ರಿ.ಪೂ. 1425ರ ಸುಮಾರಿಗೆ. ಆದರೆ ಅವನ ಹೆಸರಿನ ಸ್ಕ್ಯಾರಬ್‌ಗಳನ್ನು ಅವನ ನಂತರವೂ ಶತಮಾನಗಟ್ಟಲೆ ಮಾಡುತ್ತಲೇ ಇದ್ದರು. ಆ ಹೆಸರೇ ಒಂದು ರಕ್ಷೆಯಾಗಿಬಿಟ್ಟಿತ್ತು. ಹಾಗಾಗಿ ಹೆಸರು ಹೇಳುವುದು ಇಷ್ಟು ಮಾತ್ರ: ಈ ವಸ್ತು ಆ ರಾಜನಿಗಿಂತ ಹಳೆಯದಲ್ಲ.

ಟರ್ಕಿಯ ದಕ್ಷಿಣ ತೀರದ ಉಲುಬುರುನ್ ಬಳಿ ಮುಳುಗಿದ್ದ ಹಡಗಿನಲ್ಲಿ ರಾಣಿ ನೆಫೆರ್‌ತಿತಿಯ ಹೆಸರಿನ ಪುಟ್ಟ ಚಿನ್ನದ ಸ್ಕ್ಯಾರಬ್ ಸಿಕ್ಕಿತು. 1984ರಿಂದ 1994ರವರೆಗೆ ಸಮುದ್ರದೊಳಗೆ ನಡೆದ ಅಗೆತ ಅದು. ಹಡಗು ಅವಳ ಕಾಲಕ್ಕಿಂತ ಹಿಂದೆ ಮುಳುಗಿರಲು ಸಾಧ್ಯವಿಲ್ಲ ಎಂದು ಅದರಿಂದ ಗೊತ್ತಾಯಿತು. ಎಷ್ಟು ಈಚೆಗೆ ಎಂಬುದನ್ನು ಮಡಕೆಗಳಂಥ ಬೇರೆ ಸಾಕ್ಷಿ ಹೇಳಬೇಕು.

ಹೆಜ್ಜೆ 8: ಚೀಟಿ ಮತ್ತು ನಂಬರ್

ಮೆಟ್ರೊಪಾಲಿಟನ್‌ನ 36.3.2 ಎಂಬ ನಂಬರ್ ತೆಗೆದುಕೊಳ್ಳಿ. 36 ಅಂದರೆ 1936ರಲ್ಲಿ ಮ್ಯೂಸಿಯಂಗೆ ಬಂದದ್ದು. 3 ಅಂದರೆ ಆ ವರ್ಷ ಬಂದ ಮೂರನೇ ಕಂತು, 2 ಆ ಕಂತಿನ ಎರಡನೇ ವಸ್ತು. ಬ್ರಿಟಿಷ್ ಮ್ಯೂಸಿಯಂನಲ್ಲಿ 'ಇಎ', ಪೆಟ್ರಿಯಲ್ಲಿ 'ಯುಸಿ', ಕೈರೋದಲ್ಲಿ 'ಜೆಇ' ಎಂದು ಮುಂದೆ ಹಾಕುತ್ತಾರೆ. ನಂಬರ್ ಬರೆದಿಟ್ಟುಕೊಂಡರೆ ಅದೇ ವಸ್ತುವನ್ನು ಎಲ್ಲಿಂದ ಬೇಕಾದರೂ ಮತ್ತೆ ಹುಡುಕಬಹುದು.

ಆಮೇಲೆ ಮುಖ್ಯವಾದ ಸಾಲು ಓದಿ: ಎಲ್ಲಿ ಸಿಕ್ಕಿತು? ಅಗೆತದಲ್ಲಿ, ಇಂಥ ಗೋರಿಯಲ್ಲಿ ಎಂದಿದ್ದರೆ ಆ ಸ್ಕ್ಯಾರಬ್‌ಗೆ ಊರು, ಮನೆ, ನೆರೆಹೊರೆ ಎಲ್ಲ ಇದೆ. ಕೊಂಡದ್ದು, ಸಂಗ್ರಹದಿಂದ ಬಂದದ್ದು ಎಂದಷ್ಟೇ ಇದ್ದರೆ ಅದರ ಬಾಯಿ ಅರ್ಧ ಕಟ್ಟಿದೆ. 19ನೇ ಶತಮಾನದಿಂದಲೂ ಪ್ರವಾಸಿಗರಿಗಾಗಿ ನಕಲಿ ಸ್ಕ್ಯಾರಬ್ ಮಾಡುತ್ತಲೇ ಬಂದಿದ್ದಾರೆ. ಅರ್ಥವಿಲ್ಲದ ಅಕ್ಷರದ ಗೊಂಚಲು ನಕಲಿಯ ಒಂದು ಸುಳಿವು. ಆದರೆ ಅಸಲಿ ಕಾಲದ ಕೆಲಸಗಾರರೂ ಕೆಲವು ಸಲ ತಪ್ಪು ಕೆತ್ತಿದ್ದಾರೆ. ಹಾಗಾಗಿ ಚಿತ್ರ ನೋಡಿ ಅಸಲಿ, ನಕಲಿ ಎಂದು ತೀರ್ಪು ಕೊಡಲು ಹೋಗಬೇಡಿ. ಆನ್‌ಲೈನ್‌ನಲ್ಲಿ ಮಾರಾಟಕ್ಕಿರುವುದನ್ನು ದಯವಿಟ್ಟು ಕೊಳ್ಳಲೂ ಬೇಡಿ. ಈಜಿಪ್ಟ್ 1983ರ ಕಾನೂನಿನಲ್ಲಿ ಪ್ರಾಚೀನ ವಸ್ತುಗಳ ವ್ಯಾಪಾರವನ್ನೇ ನಿಲ್ಲಿಸಿದೆ. ಕದ್ದು ಅಗೆದ ಪ್ರತಿ ಸ್ಕ್ಯಾರಬ್‌ನ ಹಿಂದೆ ಒಂದು ಒಡೆದ ಗೋರಿ ಇರುತ್ತದೆ.

ಈಗ ಎಲ್ಲ ಹೆಜ್ಜೆ ಸೇರಿಸಿ: ಒಬ್ಬ ತಾಯಿಯ ಸ್ಕ್ಯಾರಬ್

36.3.2 ಎಂದೆನಲ್ಲ, ಅದನ್ನೇ ತೆರೆಯಿರಿ. ಹತ್‌ನೋಫರ್ ಎಂಬ ಮುದುಕಿಯದು. ರಾಣಿ ಹತ್‌ಶೆಪ್‌ಸುತ್‌ಳ ಕಾಲದ ದೊಡ್ಡ ಅಧಿಕಾರಿ ಸೆನೆನ್‌ಮುತ್‌ನ ತಾಯಿ. ಥೀಬ್ಸ್‌ನ ಗುಡ್ಡದಲ್ಲಿ ಮಗನ ಸಮಾಧಿಯ ಕೆಳಗೆ ಇವಳ ಗೋರಿ ಯಾರೂ ಮುಟ್ಟದೆ ಉಳಿದಿತ್ತು. 1935–36ರ ಅಗೆತದಲ್ಲಿ ಸಿಕ್ಕಿತು.

ಅಳತೆ: ಅಂಗೈಯಲ್ಲಿ ಕೂರುವಷ್ಟು ದೊಡ್ಡದು. ಕಲ್ಲು: ಹಸಿರು ಸರ್ಪೆಂಟೈನ್. ಬೆನ್ನು: ಮೂತಿ, ಹೆಗಲು, ರೆಕ್ಕೆ ಮುಚ್ಚಳ ಎಲ್ಲ ಅಚ್ಚುಕಟ್ಟು. ಚಿನ್ನದ ಕಟ್ಟು, ಚಿನ್ನದ ಹೆಣೆದ ಸರ. ಸತ್ತವರ ಗ್ರಂಥ ಎಂದು ನಾವು ಕರೆಯುವ ಮಂತ್ರಗಳಲ್ಲಿ ಇದಕ್ಕೆ ವಿಧಿಯೇ ಇದೆ. ಹಸಿರು ಕಲ್ಲಿನ ದುಂಬಿ ಮಾಡಿ, ಲೋಹದ ಕಟ್ಟು ಹಾಕಿ, ಸತ್ತವರ ಕೊರಳಿಗೆ ಇಡಬೇಕು.

ಹೊಟ್ಟೆ ತಿರುಗಿಸಿ. ಸಾಲು ಸಾಲು ಬರಹ. ಸತ್ತ ಮೇಲೆ ಹೃದಯವನ್ನು ತಕ್ಕಡಿಯಲ್ಲಿಟ್ಟು ಸತ್ಯದ ದೇವಿ ಮಾತ್‌ಳ ಗರಿಯ ಎದುರು ತೂಗುತ್ತಾರೆ ಎಂಬುದು ಅವರ ನಂಬಿಕೆ. ಬುದ್ಧಿ, ನೆನಪು ಇರುವುದು ಹೃದಯದಲ್ಲೇ. ಮಮ್ಮಿ ಮಾಡುವಾಗ ಅದನ್ನು ಮೈಯಲ್ಲೇ ಬಿಡುತ್ತಿದ್ದರು. ಮಾಡಿದ್ದೆಲ್ಲ ಅದಕ್ಕೆ ಗೊತ್ತು. ಹಾಗಾಗಿ ಭಯ. ತೂಕದಲ್ಲಿ ಸೋತರೆ ಮೊಸಳೆ ತಲೆಯ ಅಮ್ಮಿತ್ ಅದನ್ನು ನುಂಗಿಬಿಡುತ್ತಾಳೆ. ಅದಕ್ಕೇ ಹೃದಯದ ಸ್ಕ್ಯಾರಬ್‌ಗಳ ಮಂತ್ರ ಹೃದಯವನ್ನೇ ಬೇಡಿಕೊಳ್ಳುತ್ತದೆ. ಅದರ ತಿರುಳು ಹೀಗೆ: ನನ್ನ ತಾಯಿಂದ ಬಂದ ಹೃದಯವೇ, ನನ್ನ ಮೇಲೆ ಸಾಕ್ಷಿ ಹೇಳಬೇಡ. ತಕ್ಕಡಿ ಹಿಡಿದವನ ಎದುರು ನನಗೆ ತಿರುಗಿ ಬೀಳಬೇಡ.

ಹೆತ್ತ ತಾಯಿಯೊಬ್ಬಳು ತನ್ನ ತಾಯಿಯನ್ನು ನೆನೆದು ತನ್ನ ಎದೆಗೆ ಹೇಳುವ ಮಾತು. ಈ ಮಂತ್ರ ಅವಳಿಗೊಬ್ಬಳಿಗೇ ಬರೆದದ್ದಲ್ಲ, ಸಾವಿರಾರು ಜನಕ್ಕೆ ಅದೇ ಮಂತ್ರ. ಎಷ್ಟೋ ಹೃದಯದ ಸ್ಕ್ಯಾರಬ್‌ಗಳನ್ನು ಹೆಸರಿನ ಜಾಗ ಖಾಲಿ ಬಿಟ್ಟು ಮೊದಲೇ ಮಾಡಿಡುತ್ತಿದ್ದರು. ಕೆಲವದರಲ್ಲಿ ಆ ಜಾಗ ಇವತ್ತಿಗೂ ಖಾಲಿ.

ಮನೆಯಲ್ಲಿ ಮಾಡಿ ನೋಡಲು

ಮಕ್ಕಳಿದ್ದರೆ ಇದನ್ನು ಬಿಡಬೇಡಿ. ಒಂದು ಸೋಪಿನ ತುಂಡನ್ನು ಮೊಟ್ಟೆಯಾಕಾರಕ್ಕೆ ಕೊಯ್ದುಕೊಳ್ಳಿ. ಸಮತಟ್ಟಾದ ಕಡೆ ದಬ್ಬಳದಿಂದ ದುಂಡು, ಬಾಚಣಿಗೆ ಪಟ್ಟಿ, ದುಂಬಿ ಮೂರನ್ನೂ ಗೀರಿ. ಜೊತೆಗೆ ನಿಮ್ಮ ಹೆಸರಿನ ಮೊದಲ ಅಕ್ಷರವನ್ನೂ ಕನ್ನಡದಲ್ಲಿ ಹಾಕಿ. ಗಟ್ಟಿಯಾಗಿ ಕಲಸಿದ ಚಪಾತಿ ಹಿಟ್ಟಿನ ಮೇಲೆ ಒತ್ತಿ ತೆಗೆಯಿರಿ. ಮೂರು ಗುರುತುಗಳು ಹೆಚ್ಚುಕಮ್ಮಿ ಹಾಗೇ ಕಾಣುತ್ತವೆ, ಎಡ ಬಲ ಎರಡೂ ಒಂದೇ ತರ ಇರುವ ಕಾರಣಕ್ಕೆ. ನಿಮ್ಮ ಅಕ್ಷರ ಮಾತ್ರ ತಿರುಗಿ ಬಿದ್ದಿರುತ್ತದೆ. ಅದನ್ನು ಸರಿಯಾಗಿ ಮೂಡಿಸಬೇಕಾದರೆ ಸೋಪಿನ ಮೇಲೆ ಕನ್ನಡಿಯಲ್ಲಿ ಕಂಡಂತೆ ಬರೆಯಬೇಕು. ಎರಡನೇ ಸೋಪು ತೆಗೆದುಕೊಳ್ಳಿ.